ನಲ್ಲಿ ಕಿತ್ತ ಮೇಲೆ

ಎಂಬತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಉಜ್ಜಿನಪ್ಪನ ಪಕ್ಕದ ಕಲ್ಲುಬೆಂಚಿನಲ್ಲಿ ಅದೇ ಬಸ್ಸಿಗೆಂದು ಇಬ್ಬರು ಹೆಂಗಸರು ಬಂದು ಕೂತರು. ಕಿರಿಯಳು ಹುಲುಗಮ್ಮ, ಕೂಲಿಯವಳು. ಹಿರಿಯಳು ಅವಳ ಓಣಿಯ ವೀರಭದ್ರಮ್ಮ. ಪಂಚಾಯ್ತಿಯ ಮೇಲಿನ ದೂರು ಕೇಳುವ ಸಾಹೇಬರ ಕಚೇರಿಯಿಂದ ಬಂದಿದ್ದರು.

“ಕಡೀಕ ಸಾಹೇಬ್ರು ಏನಂದ್ರರಿ, ಅಕ್ಕಾರ?” ಹುಲುಗಮ್ಮ ಕೇಳಿದಳು.

“ನಲ್ಯಾಗ ಈಗ ಗಟಾರದ ನೀರು ಬರಾಕತ್ತಿಲ್ಲ, ದೂರು ಮುಗೀತು ಅಂದ್ರು.”

“ನಲ್ಲೀನ ಕಿತ್ಕೊಂಡು ಹೋಗ್ಯಾರಲ್ರಿ. ನೀರು ಎಲ್ಲಿಂದ ಬರ್ತೈತಿ?”

“ಅದನ್ನೂ ಹೇಳಿದೆ. ನಲ್ಲಿ ಇಲ್ಲದ್ದು ಬ್ಯಾರೆ ದೂರಂತ. ಪಂಚಾಯ್ತಿಗೆ ಕೊಡ್ಬೇಕಂತ.”

“ಕಿತ್ತವರಿಗೇನ?”

“ಹೂಂನವ್ವ, ಕಿತ್ತವರಿಗೇ.”

ಉಜ್ಜಿನಪ್ಪನಿಗೆ ನಗು ಬಂತು. ಮುಂದಿನ ಮಾತು ಕೇಳಿ ಅವರತ್ತ ತಿರುಗಿದ.

“ಆ ನೀರು ಕುಡದು ವಾಂತಿಭೇದಿ ಆಗಿ ನನ್ನ ಮಗಳು ಹೋದ್ಲಲ್ರಿ. ಅದಕ್ಕೇನಂದ್ರು?”

“ಹೇಳೀನಿ. ತಲಿ ಎತ್ತಿ ನೋಡ್ಲಿಲ್ಲ.”

“ಮತ್ತ ನನ್ಯಾಕ ಹೊರಗ ಕುಂದ್ರಿಸಿದ್ರಿ?”

“ಒಬ್ಬರೇ ಬರ್ರಿ ಅಂದ್ರು. ನೀನಾದ್ರ ಅಲ್ಲೇ ಅತ್ತುಬಿಡ್ತಿ ಅಂತ ನಾ ಹೋದೆ.”

“ನಾ ಅಳಾಕ ಬಂದಿದ್ದಿಲ್ರಿ.”

ಬಸ್ಸು ಬಂತು. ಉಜ್ಜಿನಪ್ಪ ನುಗ್ಗಿ ಹತ್ತಿ, ತನ್ನ ಮುಂದಿನ ಸೀಟಿನ ಮೇಲೆ ಟವೆಲು ಹಾಸಿ ಅವರಿಗಾಗಿ ಜಾಗ ಹಿಡಿದ. ಕರೆಯಲೆಂದು ಕಿಟಕಿಯಿಂದ ಇಣುಕಿದ. ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಚೇರಿಯ ದಾರಿ ಹಿಡಿದಾಗಿತ್ತು.

“ತಡಿಯವ್ವ, ನಾನೂ ಬರ್ತೀನಿ” ಎನ್ನುತ್ತ ವೀರಭದ್ರಮ್ಮ ಅವಳ ಹಿಂದೆ ಬಿರಬಿರನೆ ನಡೆದಳು.