ಒಂದು ಕಾಳು ಬಾರ್ಲಿ

...ಅಲ್ಲ ಕ್ಲೈವ್, ಆ ಓಟು ಹಾಕಿದ್ದು ಯಾರಿರಬಹುದು ಹೇಳು? ಓಟಿನ ಪಾತ್ರೇಲಿ ಬಾರ್ಲಿ ಒಂದೇ ಒಂದು ಕಾಳು ಹೆಚ್ಚು ಬಿತ್ತು ಅಂತ ಟೋರಿಗಲ್ ಫುಟ್‌ಬಾಲ್ ಕ್ಲಬ್ಬೇ ಇನ್ನಿಲ್ಲ ಅಂತಾಯ್ತಲ್ಲ. ಮುಂದಿನ ವರ್ಷದಿಂದ ನಾವೂ ಆ ಮಿನ್ಯಾ ಊರಿನವರೂ ಒಂದೇ ತಂಡವಂತೆ. ಕ್ಲಬ್ ಕಟ್ಟಿದ ನಿಮ್ಮಜ್ಜ ಗೋರಿಯಿಂದ ಎದ್ದು ಬರ್ತಾರೆ ನೋಡು... ಗಾಡಿ ತೆಗಿ ಮೊದಲು. ಮೀಟಿಂಗ್ ಮುಗಿಸಿ ಎಲ್ಲ ಹೊರಗೆ ಬರ್ತಿದ್ದಾರೆ. ಕ್ಲಬ್ ಅಧ್ಯಕ್ಷರು ಹೆಂಡತೀನ ಪಕ್ಕದಲ್ಲಿ ಕೂರಿಸ್ಕೊಂಡು ಖಾಲಿ ಮೈದಾನ ನೋಡ್ತಿದ್ರು ಅಂತ ನಾಳೆ ಬೇಕರೀಲಿ ಅದೇ ಮಾತಾಗುತ್ತೆ.

ಬೇಡವಾ? ಸರಿ. ಕೂತ್ಕೋ. ನಂಗೇನು.

ನಂಗೆ ಆ ಮೇಷ್ಟ್ರ ಮೇಲೇ ಅನುಮಾನ. ಕೆಲ್ವಿನ್. ಬಂದು ನಾಲ್ಕು ವರ್ಷ ಆಗಿಲ್ಲ. ಊರೆಲ್ಲ ಕ್ಲಬ್ಬಿನ ಕೆಂಪು ಮಫ್ಲರ್ ಹಾಕ್ಕೊಂಡು ನಿಂತಿದ್ರೆ ಅವನದು ಬೂದಿ ಬಣ್ಣ. ಯಾಕಪ್ಪ ಅಂದ್ರೆ, ‘ಇದು ಬೆಚ್ಚಗಿರುತ್ತೆ’ ಅಂತಾನೆ. ಬೆಚ್ಚಗಿರೋಕೆ ಮಫ್ಲರ್ ಹಾಕ್ಕೊಳ್ಳೋ ಮನುಷ್ಯನಿಗೆ ಓಟು ಯಾಕೆ ಕೊಟ್ರಿ ನೀವು?

ಅಲ್ವಾ? ಹಾಗಾದ್ರೆ ಟ್ರೆವರ್. ಎರಡೂ ಊರಿಗೆ ಟ್ರ್ಯಾಕ್ಟರ್ ಮಾರೋನು. ಮೈದಾನದ ಬೇಲಿಗೆ ಮೂತಿ ಕೊಟ್ಟು ಕಾರು ನಿಲ್ಲಿಸ್ಕೊಂಡು, ಯಾರು ಗೋಲು ಹೊಡೆದ್ರೂ ಹಾರ್ನ್ ಬಾರಿಸ್ತಾನೆ. ನಮ್ಮ ಗೋಲಿಗೆ ಉದ್ದ, ಅವರ ಗೋಲಿಗೆ ಮೊಟಕು, ಅಷ್ಟೇ ವ್ಯತ್ಯಾಸ...

ಏನು, ನಗ್ತಿದ್ದೀಯಾ? ಗೊತ್ತು ಬಿಡು. ನನ್ನ ಹಾರ್ನ್ ನೆನಪಾಯ್ತು ನಿಂಗೆ. ಮದುವೆಯಾದ ಮೊದಲನೇ ಚಳಿಗಾಲ, ಮಿನ್ಯಾದವರು ಗೋಲು ಹೊಡೆದ್ರು, ನನ್ನ ಕೈ ತಾನಾಗೇ ಹೋಗಿ ಹಾರ್ನ್ ಒತ್ತಿಬಿಡ್ತು. ಹುಟ್ಟಿದಾಗಿಂದ ಮಿನ್ಯಾದ ನೀಲಿ ಮಫ್ಲರ್ ಸುತ್ಕೊಂಡು, ಅಪ್ಪನ ಕಾರಲ್ಲಿ ಕೂತು ಮಿನ್ಯಾಗೆ ಒತ್ತಿದ ಕೈ ಅದು, ಅದಕ್ಕೇನು ಗೊತ್ತು ಮದುವೆಯಾಗಿದೆ ಅಂತ? ಸಾಲಲ್ಲಿದ್ದ ಕಾರುಗಳ ಕಿಟಕಿ ಒಂದೊಂದೇ ಇಳಿದು ಎಲ್ಲ ಮುಖ ನನ್ನ ಕಡೆ. ನೀನು ಮೈದಾನದ ಮಧ್ಯೆ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದ್ದೆ. ಅವತ್ತಿಂದ ನಾನು ‘ಹಾರ್ನ್ ಡೆನೀಸ್’. ಈಗ ನಮಗೆ ಮೊಮ್ಮಕ್ಕಳಾಗಿದ್ದಾವೆ, ಇನ್ನೂ ಹಾರ್ನ್ ಡೆನೀಸೇ.

ಇವತ್ತು ಮೀಟಿಂಗಲ್ಲಿ ಬೆರಿಲ್ ಎದ್ದು ನಿಂತು ಹೇಳಿದ್ಲಲ್ಲ, ‘ನಿಜವಾದ ಬೆಂಬಲ ರಕ್ತದಲ್ಲಿ ಬರಬೇಕು’ ಅಂತ. ಯಾರನ್ನ ನೋಡ್ಕೊಂಡು ಹೇಳಿದ್ಲು? ಅವಳು ಇಲ್ಲೇ ಹುಟ್ಟಿದೋಳು, ಒಪ್ಪಿದೆ. ಆಟ ನಡೀವಾಗ ಕಾರಲ್ಲಿ ಕೂತು ಪದಬಂಧ ತುಂಬಿಸ್ತಾಳೆ. ಪಕ್ಕದ ಕಾರು ಹಾರ್ನ್ ಹೊಡೆದಾಗ ತಲೆ ಎತ್ತದೆ ತಾನೂ ಹೊಡೀತಾಳೆ. ಅವಳ ರಕ್ತ ಕೆಂಪು. ನನ್ನದು? ಶನಿವಾರ ಶನಿವಾರ ಕೈ ಸೆಟೆದುಕೊಳ್ಳೋ ಹಾಗೆ ಕಿತ್ತಳೆ ಹೆಚ್ಚಿ ಆಟಗಾರರಿಗೆ ಕೊಟ್ಟೋಳು ಯಾರು? ಕೆಸರು ಮೆತ್ತಿದ ಅಂಗಿ ತಂದು ನಮ್ಮ ಮನೆ ಬಚ್ಚಲಲ್ಲಿ ನೆನೆಸಿ, ಉಜ್ಜಿ, ಒಣಹಾಕಿದೋಳು ಯಾರು? ಬರೀ ಸೋಲೇ ಇದ್ದ ವರ್ಷಗಳಲ್ಲಿ ಬೆರಿಲ್ ಎಲ್ಲಿದ್ಲು? ಸಮುದ್ರದ ಹತ್ರ, ಮಗಳ ಮನೇಲಿ. ನಾನು ಇಲ್ಲಿದ್ದೆ. ಇದೇ ಬೇಲಿ ಹತ್ರ. ಹುಟ್ಟಿದ ಊರಿನ ಕ್ಲಬ್ ಹಿಡ್ಕೊಳ್ಳೋದು ಏನು ಮಹಾ? ಅಪ್ಪನ ಎದುರು ಬಿಟ್ಟು ಬರೋದು ಕಷ್ಟ. ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ರು, ನಿಂಗೆ ಗೊತ್ತು...

ಏನಾದ್ರೂ ಹೇಳು ಮಾರಾಯ. ಹೂಂ ಅಂತನಾದ್ರೂ ಅನ್ನು.

ಫೇಯ್ ಇರಬಹುದಾ? ಅವಳ ಮಗಳನ್ನ ಮಿನ್ಯಾಗೆ ಕೊಟ್ಟಿದೆ... ಯಾಕೆ ಹಾಗೆ ತಲೆ ಅಲ್ಲಾಡಿಸ್ತೀಯ? ಅವಳಲ್ಲ, ಇವನಲ್ಲ. ಅಷ್ಟು ಖಡಾಖಂಡಿತ ನಿಂಗೆ ಹೇಗೆ ಗೊತ್ತು? ಚೀಟಿ ಆದ್ರೆ ಕೈಬರಹ ಗುರುತು ಸಿಗುತ್ತೆ ಅಂತ ತಾನೇ ನಿಮ್ಮಪ್ಪ ಕಾಳಿನ ಪದ್ಧತಿ ತಂದಿದ್ದು? ಹೀಗೇ ಇರಬೇಕು ಅನ್ನೋರು ಗೋಧಿ, ಸೇರ್ಕೊಳ್ಳೋಣ ಅನ್ನೋರು ಬಾರ್ಲಿ. ಮುಷ್ಟೀಲಿ ಒಂದು ಕಾಳು ತಂದು ಆ ಟೀ ಪಾತ್ರೆಗೆ ಹಾಕೋದು. ನೀನು ಪಾತ್ರೆ ಹಿಡ್ಕೊಂಡು ಎಲ್ಲರ ಮುಂದೆ ಬಂದೆ, ಯಾವ ಕಾಳು ಅಂತ ನೋಡಬಾರದು ಅಂತ ಪ್ರತಿಯೊಬ್ಬರಿಗೂ ಮುಖ ಆಚೆ ತಿರುಗಿಸಿದೆ. ಕೆಲ್ವಿನ್‌ಗೂ ತಿರುಗಿಸಿದೆ. ಬೆರಿಲ್‌ಗೂ...

ನಂಗೆ ತಿರುಗಿಸಲಿಲ್ಲ.

ಅಯ್ಯೋ ಕ್ಲೈವ್. ಹೆಂಡತಿ ಕಾಳಲ್ಲಿ ಏನು ಮುಚ್ಚುಮರೆ ಅಂತ ನೀನು ನೋಡ್ತಾ ನಿಂತಿದ್ದೆ, ಅಲ್ವಾ?

ಇಷ್ಟು ಹೊತ್ತು ಸುಮ್ನೆ ಕೇಳಿಸ್ಕೊಂಡೆ. ಮೇಷ್ಟ್ರು, ಟ್ರೆವರ್, ಫೇಯ್, ಒಬ್ಬೊಬ್ಬರ ಮೇಲೂ ನಾನು ತಪ್ಪು ಹೊರಿಸ್ತಾ ಹೋದೆ, ನೀನು ಕೇಳ್ತಾ ಕೂತೆ...

ಸರಿ. ಹಾಕ್ದೆ. ಬಾರ್ಲಿ ಹಾಕ್ದೆ. ಏನು ಮಾಡ್ಲಿ ಮತ್ತೆ? ನಮ್ಮ ಆಸ್ಟ್ರೇಲಿಯನ್ ಆಟಕ್ಕೆ ಬೇಕಾದ ಹದಿನೆಂಟು ಜನ ಸಿಗಲಿಲ್ಲ ಅಂತ ಹೋದ ಶನಿವಾರ ಬೂಟು ಕಟ್ಕೊಂಡು ಇಳಿದೋರು ಯಾರು? ಅರವತ್ತು ದಾಟಿದೆ. ಎದೆಯೊಳಗೆ ಸ್ಟೆಂಟ್ ಇದೆ. ಆ ಬೇಲಿ ಹತ್ರ ಕೆಸರಲ್ಲಿ ಬಿದ್ದೆಯಲ್ಲ, ನಾನು ಓಡಿ ಬಂದ್ರೆ ‘ಮೊಣಕಾಲು ಡೆನೀಸ್, ಮೊಣಕಾಲು’ ಅಂದೆ. ಮೊಣಕಾಲು ನೋಯ್ತಿದ್ದೋನು ಕೈ ಎಲ್ಲಿಟ್ಕೊಂಡಿದ್ದೆ? ಬರೋ ಶನಿವಾರ ಜನ ಕಡಿಮೆ ಬಿದ್ರೆ ಮತ್ತೆ ಇಳೀತಿದ್ದೆ. ಇಳೀತಿರಲಿಲ್ಲ ಅಂತ ನನ್ನ ಮುಖ ನೋಡಿ ಹೇಳು. ಮಿನ್ಯಾದಲ್ಲಿ ಹುಡುಗರಿದ್ದಾರೆ, ಓಡಲಿ. ನೀನು ಬೇಲಿ ಈಚೆ ನನ್ನ ಪಕ್ಕ ಕೂತು ಬೈಕೊಂಡಿರು. ನಿನ್ನ ಜೀವಕ್ಕೋಸ್ಕರ ಹಾಕ್ದೆ. ಅಷ್ಟೇ.

ಅಷ್ಟೇ ಅಂದ್ನಲ್ಲ.

ಯಾಕೆ ಹಾಗೆ ನೋಡ್ತಿದ್ದೀಯ? ನಂಬಿಕೆ ಇಲ್ವಾ? ಇಷ್ಟು ವರ್ಷ ಆದ್ಮೇಲೆ ನೀನೂ ಬೆರಿಲ್ ಹಾಗೆ... ಬೇಡ, ಆ ಕಡೆ ನೋಡು. ನಿನ್ನ ಎದೆ ಬಿಟ್ರೆ ಇನ್ನೊಂದು ಯೋಚನೆ ಇರಲಿಲ್ಲ ನಂಗೆ. ಕಾಳು ಹಾಕುವಾಗ ಇರಲಿಲ್ಲ.

ಆಮೇಲೆ... ಆಮೇಲೆ ಮಿನ್ಯಾ ಕಡೆಯಿಂದ ಬಂದಿದ್ದವನು ಎದ್ದು ಹೊಸ ಅಂಗಿ ವಿಷಯ ಹೇಳಿದ್ನಲ್ಲ. ಕೆಂಪು ಹಾಗೇ ಇರುತ್ತೆ, ತೋಳಿಗೆ ಮಾತ್ರ ನಮ್ಮ ನೀಲಿ ಪಟ್ಟಿ, ಅಂತ. ಎಲ್ಲರೂ ಅವನನ್ನ ನೋಡ್ತಿದ್ರು.

ನೀನು ನನ್ನ ನೋಡ್ತಿದ್ದೆ.

ನನ್ನ ಮುಖದಲ್ಲಿ ಏನು ಕಾಣಿಸ್ತು ನಿಂಗೆ, ಕ್ಲೈವ್?