ರೊಟ್ಟಿ ಬಡಿದ ಕೈ

ಮಸ್ಕಿ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದ ನಿಂಗರಾಜನ ಪಕ್ಕದಲ್ಲಿ ಇಬ್ಬರು ಹೆಂಗಸರು ಮೊಬೈಲ್ ನೋಡುತ್ತಿದ್ದರು.

"ಯಂಕಮ್ಮ, ಕಾರಿನಾಗ ಊರೂರು ತಿರುಗಿ ಊಟದ ವಿಡಿಯೋ ಮಾಡೋರು ನಿಮ್ಮನಿಗೂ ಬಂದಿದ್ರಲ್ಲ?"

"ಅಶೋಕನ ಶಾಸನ ನೋಡಿ ಬಂದ್ರು. ನಾ ರೊಟ್ಟಿ ಬಡಿಯೋದು ವಿಡಿಯೋ ಹಿಡಿದ್ರು, ಪುಂಡಿಪಲ್ಯ ಹಚ್ಚಿಕೊಂಡು ಬಾಯಿ ಚಪ್ಪರಿಸಿ ತಿಂದ್ರು."

"ಆಮ್ಯಾಲ?"

"ಗ್ವಾಡಿಮ್ಯಾಗ ಬುದ್ಧನ ಫೋಟೋ ಕಂಡು, ನೀವು ಯಾವ ಮಂದಿ ಅಂದ್ರು. ಹೇಳಿದೆ. ನೀರು ಸೈತ ಕುಡೀದ ಎದ್ದು ಹೋದ್ರು."

"ಈ ವಿಡಿಯೋದಾಗ ಗೌಡರ ಸೊಸಿ ರೊಟ್ಟಿ ಮಾಡ್ಯಾಳಂತ ತೋರಿಸ್ಯಾರಲ್ಲ!"

"ಮುಖ ಆಕೀದು. ಬಡಿಯೋ ಕೈಮ್ಯಾಗಿನ ಹಚ್ಚೆ ನೋಡು, ನಂದದು."

ಬಸ್ಸು ಬಂತು. ಇಬ್ಬರೂ ಹತ್ತಿದರು. ಬೆಳಿಗ್ಗೆಯಷ್ಟೇ ಆ ವಿಡಿಯೋದ ಕೆಳಗೆ 'ಕೈರುಚಿ ಅಂದ್ರ ಗೌಡರ ಮನಿದು' ಎಂದು ಬರೆದಿದ್ದ ನಿಂಗರಾಜ ಹತ್ತದೆ ನಿಂತ.