ಬಾಗಿಲ ಹಿಂದಿನ ತಡೆಗೋಡೆ

“ತಡೆಗೋಡೆಗೆ ಒಂದು ಓಟೂ ಬಿದ್ದಿಲ್ವಾ?”

ಬೆಟ್ಟದ ರಸ್ತೆ ನೋಡಿಕೊಳ್ಳುವ ಕಚೇರಿಯಲ್ಲಿ, ನನ್ನ ಪಕ್ಕದ ಬೆಂಚಿನ ಬಸ್ ಡ್ರೈವರಮ್ಮ ಅಲ್ಲೇ ಅಧಿಕಾರಿಯಾಗಿರುವ ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಮುಂದಿನ ಇಪ್ಪತ್ತು ವರ್ಷಕ್ಕೆ ಯಾವ ಕೆಲಸ ಮುಖ್ಯ ಅಂತ ಸಭೇಲಿ ಜನರೇ ಚಾರ್ಟ್‌ಗಳ ಮೇಲೆ ಸ್ಟಿಕ್ಕರ್ ಅಂಟಿಸಿದ್ದು ಕಣಕ್ಕಾ. ಎಲ್ಲಾ ಕಣಿವೆ ನೋಡೋ ಕಟ್ಟೆಗೇ ಬಿದ್ವು.”

“ತಡೆಗೋಡೆಯ ಚಾರ್ಟ್ ಎಲ್ಲಿ ಹಾಕಿದ್ದೆ?”

“ಸಭೆ ಹಾಲಲ್ಲೇ.”

“ಹಾಲಲ್ಲಿ ಎಲ್ಲಿ, ಮಹಾನುಭಾವ?”

“ಬಾಗಿಲ ಹಿಂದೆ. ಸೆಖೆ ಅಂತ ಬಾಗಿಲು ಪೂರ್ತಿ ತೆಗೆದಿಟ್ಟಿದ್ರು, ಯಾರಿಗೂ ಕಾಣ್ಲಿಲ್ಲ.”

“ಆ ವಾಲಿರೋ ತಡೆಗೋಡೆ ಮೇಲಿನ ರಸ್ತೇಲಿ ದಿನಾ ಬಸ್ ಓಡಿಸೋಳು ನಿಮ್ಮಕ್ಕ ಕಣೋ! ಮತ್ತೆ ಸಭೆ ಕರಿ.”

“ಆಗಲ್ಲ. ಕೆಲಸದ ಪಟ್ಟಿ ನಾಳೆ ಮೇಲಕ್ಕೆ, ದೊಡ್ಡ ಸಾಹೇಬರ ಹತ್ರ ಹೋಗುತ್ತೆ.”

“ಹಾಗಾದ್ರೆ ಇವತ್ತು ನೀನೂ ನನ್ನ ಬಸ್ಸಲ್ಲಿ ಬೆಟ್ಟದ ಮೇಲಕ್ಕೆ ಬಾ. ಕಣಿವೆ ಕಡೆ ಕಿಟಕಿಗೆ ಕೂತ್ಕೊಂಡು ನೋಡು.”

ತೋಳು ಹಿಡಿದು ಎಳೆದುಕೊಂಡೇ ಹೋದಳು. ಹೊರಗೆ ನಿಂತಿದ್ದ ಬಸ್ಸಿನಲ್ಲಿ ಆ ಕಿಟಕಿಗೆ ಕೂತಿದ್ದ ಅಜ್ಜ ತಟಕ್ಕನೆ ಎದ್ದು ಜಾಗ ಬಿಟ್ಟ.